ಆಟಿಸಂ ಮತ್ತು ವಿಡಿಯೊ ಪಾಠ: ಅಂಬರನಾಥದ ಲೋಕಲ್ ರೈಲಿನ ನಿದರ್ಶನ

ಆಟಿಸಂ ಇರುವವರಿಗೆ ವಿಡಿಯೊ ಮೂಲಕ ಕಲಿಸುವ ವಿಧಾನಕ್ಕೆ ಆಧಾರ ಒದಗಿಸಿದ ಅಧ್ಯಯನಗಳಲ್ಲಿ 2000ದಲ್ಲಿ ಪ್ರಕಟವಾದ ಮಾರ್ಜೊರಿ ಚಾರ್ಲಪ್-ಕ್ರಿಸ್ಟಿ ತಂಡದ್ದು ಮುಖ್ಯವಾದುದು. ಎದುರಿಗೆ ಮಾಡಿ ತೋರಿಸಿದ್ದಕ್ಕಿಂತ ವಿಡಿಯೊದಲ್ಲಿ ತೋರಿಸಿದ್ದನ್ನು ಮಕ್ಕಳು ಒಟ್ಟಾರೆ ಬೇಗ ಕಲಿತರು. ಅಲ್ಲಿದ್ದವರು ಐದೇ ಮಕ್ಕಳು. 2007ರಲ್ಲಿ ಬೆಲ್ಲಿನಿ ಮತ್ತು ಅಕುಲಿಯನ್ 23 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಹೀಗೆ ಕಲಿತದ್ದು ಬೇರೆ ಜಾಗ, ಬೇರೆ ಜನರ ನಡುವೆಯೂ ಉಳಿಯುತ್ತದೆ ಎಂದರು. ಎಷ್ಟು ಸಲ ಹಾಕಿದರೂ ವಿಡಿಯೊದಲ್ಲಿ ಅದೇ ಕೈ, ಅದೇ ದನಿ, ಅದೇ ಕ್ರಮ. ಬೇಡದ ವಿವರವನ್ನು ಚೌಕಟ್ಟಿನಿಂದಾಚೆ ಇಡಲೂಬಹುದು.

ಮುಂಬೈ ಬಳಿಯ ಅಂಬರನಾಥದ ಕನ್ನಡ ಮನೆಯ ಮಗುವಿಗೆ ಮನೆಯಲ್ಲಿ ಕನ್ನಡವೋ ತುಳುವೋ, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ. ಇಂಟರ್ನೆಟ್ಟಿನಲ್ಲಿ ಸಿಗುವ ಇಂಗ್ಲಿಷ್ ವಿಡಿಯೊದಲ್ಲಿ ಆ ಮಗುವಿನ ಊರೂ ಇಲ್ಲ, ಮಾತೂ ಇಲ್ಲ. ಮೊಬೈಲಿನಲ್ಲಿ ಮನೆಯವರೇ ತೆಗೆದ ಒಂದೆರಡು ನಿಮಿಷದ ವಿಡಿಯೊ ಇಲ್ಲಿ ಹೆಚ್ಚು ಉಪಯುಕ್ತ ಎಂಬುದು ನನ್ನ ವಾದ.

ಡೊಂಬಿವಲಿಯಿಂದ ಅಂಬರನಾಥದ ಮನೆಗೆ ಮರಳಬೇಕಾದ ತರುಣನನ್ನು ಎಣಿಸಿಕೊಳ್ಳಿ. ಪ್ಲಾಟ್‌ಫಾರ್ಮಿನ ಇಂಡಿಕೇಟರಿನಲ್ಲಿ 'ಎ' ಬಂದರೆ ಅಂಬರನಾಥ, 'ಬಿಎಲ್' ಬಂದರೆ ಬದಲಾಪುರ, 'ಎಸ್' ಬಂದರೆ ಕರ್ಜತ್; ಮೂರೂ ಅವನಿಗೆ ಆಗುತ್ತವೆ. 'ಎನ್' ಕಸಾರಾದ್ದು, ಕಲ್ಯಾಣದಲ್ಲೇ ಬೇರೆ ಹಾದಿ ಹಿಡಿಯುತ್ತದೆ. ಕೆಲವೆಡೆ ಅಕ್ಷರಕ್ಕೂ ಊರಿಗೂ ತಾಳೆಯಿಲ್ಲದ ಈ ಪದ್ಧತಿ ಹೊಸಬರನ್ನೆಲ್ಲ ತಬ್ಬಿಬ್ಬು ಮಾಡುತ್ತದೆ. ಕ್ಯಾಮೆರಾವನ್ನು ಅವನ ಕಣ್ಣಿನ ಎತ್ತರದಲ್ಲಿ ಹಿಡಿದು ತೆಗೆಯಬೇಕು: ಇಂಡಿಕೇಟರ್ ಕಾಣುತ್ತದೆ, 'ಎನ್' ಗಾಡಿ ಬಂದು ಹೋಗುತ್ತದೆ, ಅವನು ನಿಂತೇ ಇರುತ್ತಾನೆ, 'ಎ' ಬರುತ್ತದೆ, ಇಳಿಯುವವರು ಇಳಿಯುತ್ತಾರೆ, ಆಮೇಲೆ ಅವನು ಹತ್ತುತ್ತಾನೆ. ಹಿನ್ನೆಲೆಯಲ್ಲಿ ಮನೆಯ ಮಾತಿನಲ್ಲಿ "ಇದು ಬೇಡ", "ಇದು ನಮ್ಮದು" ಎಂದರೆ ಸಾಕು. ತಪ್ಪು ಗಾಡಿ ಹತ್ತುವ ದೃಶ್ಯವಂತೂ ಬೇಡವೇ ಬೇಡ; ಅದನ್ನೇ ಅನುಕರಿಸಿಬಿಡಬಹುದು.

ನೋಡಿದ ಕೂಡಲೇ ಮಾಡಿಸದಿದ್ದರೆ ಇದೂ ಬರಿಯ ಮೊಬೈಲ್ ನೋಟವೇ. ಕೆಲವು ಮಕ್ಕಳು ವಿಡಿಯೊದ ಮಾತನ್ನು ಚಾಚೂ ತಪ್ಪದೆ ಒಪ್ಪಿಸುತ್ತಾರೆ, ಕೆಲಸಕ್ಕೆ ಮಾತ್ರ ಕೈ ಹಾಕುವುದಿಲ್ಲ. ಪರದೆಯತ್ತ ಗಮನವನ್ನೇ ಕೊಡದವರಿಗೆ, ಅನುಕರಣೆ ಇನ್ನೂ ಬಾರದವರಿಗೆ ಈ ದಾರಿ ಮೊದಲ ಆಯ್ಕೆಯಾಗಬಾರದು. ರೈಲಿನ ವಿಷಯದಲ್ಲಿ ವಿಡಿಯೊ ಎಷ್ಟೇ ಚೆನ್ನಾಗಿದ್ದರೂ ಜೊತೆಗೊಬ್ಬರು ಬಹಳ ದಿನ ಹೋಗಲೇಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಗೌರವದಿಂದ ಬಾಳುವ ಹಕ್ಕನ್ನೂ ಅದೇ ಕಾಯ್ದೆ ಹೇಳುತ್ತದೆ. ಆದ್ದರಿಂದ ಹೆತ್ತವರಲ್ಲಿ ಒಂದು ವಿನಂತಿ: ಸ್ನಾನ, ಶೌಚದ ಪಾಠಕ್ಕೆ ಮಗುವನ್ನು ಚಿತ್ರಿಸಬೇಡಿ, ಬೊಂಬೆಯನ್ನೋ ರೇಖಾಚಿತ್ರವನ್ನೋ ಬಳಸಿ. ಉಳಿದ ವಿಡಿಯೊಗಳನ್ನೂ ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ.