ಯಕೃತ್ತಿನ ಕ್ಯಾನ್ಸರ್: ವಿಕಿರಣ ಚಿಕಿತ್ಸೆಯ ಅಡ್ಡಪರಿಣಾಮಗಳ ಇತಿಹಾಸ

ಯಕೃತ್ತಿನ ಗಡ್ಡೆಗೆ ವಿಕಿರಣ ಕೊಡುವಾಗ ಅದರ ಸುತ್ತಲಿನ ಆರೋಗ್ಯವಂತ ಭಾಗಕ್ಕೂ ಪೆಟ್ಟು ಬೀಳುತ್ತದೆ. ಸುಸ್ತು, ವಾಕರಿಕೆ, ಹಸಿವು ಕುಂದುವುದು ಸಾಮಾನ್ಯ. ಇವು ಬಹುಮಟ್ಟಿಗೆ ತಾವಾಗಿ ಇಳಿಯುತ್ತವೆ. ಗಡ್ಡೆ ಅಂಚಿನಲ್ಲಿದ್ದರೆ ಜಠರ ಮತ್ತು ಸಣ್ಣಕರುಳಿನ ಆರಂಭದ ಭಾಗದಲ್ಲಿ ಹುಣ್ಣಾಗಬಹುದು, ಪಿತ್ತನಾಳ ಕಿರಿದಾಗಬಹುದು, ಪಕ್ಕೆಲುಬು ಮುರಿಯಬಹುದು. ಆದರೆ ಚಿಕಿತ್ಸೆಯ ದಾರಿಯನ್ನೇ ಬದಲಿಸಿದ್ದು ವಿಕಿರಣಜನ್ಯ ಯಕೃತ್ ರೋಗ.

1895ರಲ್ಲಿ ಎಕ್ಸ್-ಕಿರಣ ಪತ್ತೆಯಾದ ಮೇಲೆ ಬಹುಕಾಲ ಯಕೃತ್ತು ವಿಕಿರಣಕ್ಕೆ ಜಗ್ಗದ ಅಂಗವೆಂಬ ನಂಬಿಕೆಯಿತ್ತು. 1924ರಲ್ಲಿ ಅಮೆರಿಕದ ಕೇಸ್ ಮತ್ತು ವಾರ್ಥಿನ್ ತೀವ್ರ ಎಕ್ಸ್-ಕಿರಣ ಚಿಕಿತ್ಸೆ ಪಡೆದವರ ಯಕೃತ್ತಿನಲ್ಲಿ ಗಾಯಗಳನ್ನು ಕಂಡು ವರದಿ ಮಾಡಿದರೂ ಆ ನಂಬಿಕೆ ಬೇಗ ಅಳಿಯಲಿಲ್ಲ. ಅದನ್ನು ಅಲುಗಾಡಿಸಿದ್ದು 1965ರ ಸ್ಟ್ಯಾನ್‌ಫರ್ಡ್ ವರದಿ. ಇಡೀ ಯಕೃತ್ತಿಗೆ ವಿಕಿರಣ ಪಡೆದವರನ್ನು ಇಂಗೋಲ್ಡ್, ರೀಡ್, ಕಪ್ಲಾನ್, ಬ್ಯಾಗ್‌ಶಾ ಪರಿಶೀಲಿಸಿದಾಗ, 35 ಗ್ರೇ (ವಿಕಿರಣ ಪ್ರಮಾಣದ ಮಾನ) ಮೀರಿದವರಲ್ಲಿ ಈ ರೋಗ ಎದ್ದು ಕಂಡಿತು. ಚಿಕಿತ್ಸೆ ಮುಗಿದ ವಾರಗಳ ನಂತರ ಹೊಟ್ಟೆ ಉಬ್ಬಿ ನೀರು ತುಂಬುತ್ತದೆ, ಯಕೃತ್ತು ಊದಿಕೊಳ್ಳುತ್ತದೆ, ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರುತ್ತದೆ. ಕಾಮಾಲೆ ಸಾಮಾನ್ಯವಾಗಿ ಇರುವುದಿಲ್ಲ. ಮರುವರ್ಷ ರೀಡ್ ಮತ್ತು ಕಾಕ್ಸ್ ಸೂಕ್ಷ್ಮದರ್ಶಕದಲ್ಲಿ ಕಾರಣ ತೋರಿದರು: ಯಕೃತ್ತಿನ ಅತಿಸಣ್ಣ ಅಭಿಧಮನಿಗಳು ಕಟ್ಟಿಕೊಂಡು ರಕ್ತ ಹಿಂದೆ ಸರಿದು ನಿಲ್ಲುತ್ತಿತ್ತು.

ಮುಂದೆ ವೈದ್ಯರು ಬೆನ್ನುಹತ್ತಿದ್ದು ಎಷ್ಟು ಭಾಗಕ್ಕೆ ಎಷ್ಟು ವಿಕಿರಣ ಎಂಬ ಪ್ರಶ್ನೆಯನ್ನು. ಅಂಗಗಳು ತಾಳಬಲ್ಲ ವಿಕಿರಣದ ಮಿತಿಗಳನ್ನು ಕೊಡುವ 1991ರ ಎಮಾಮಿ ಪಟ್ಟಿಯಲ್ಲಿ ಐದು ವರ್ಷದಲ್ಲಿ ಶೇ. 5 ಅಪಾಯದ ಮಿತಿ ಇಡೀ ಯಕೃತ್ತಿಗೆ 30 ಗ್ರೇ. ಮೂರನೇ ಒಂದು ಭಾಗಕ್ಕಷ್ಟೇ ಆದರೆ 50 ಗ್ರೇ. ಸಣ್ಣ ಭಾಗಕ್ಕೆ ಹೆಚ್ಚು ವಿಕಿರಣ ಕೊಡಬಹುದೆಂಬ ಆಸೆ ಹುಟ್ಟಿಸಿದ್ದು ಈ ಅಂತರವೇ. ಸಿ.ಟಿ. ಚಿತ್ರದ ನೆರವಿನಿಂದ ಮಿಷಿಗನ್ ವಿಶ್ವವಿದ್ಯಾಲಯದ ತಂಡ ಪ್ರತಿ ರೋಗಿಯ ಉಳಿದ ಯಕೃತ್ತನ್ನು ಅಳೆದು ಪ್ರಮಾಣ ನಿರ್ಧರಿಸತೊಡಗಿತು.

ಆದರೆ ಈ ಲೆಕ್ಕದಲ್ಲಿ ಒಂದು ಕೊರತೆಯಿತ್ತು: ಯಕೃತ್ತಿನಲ್ಲೇ ಹುಟ್ಟುವ ಕ್ಯಾನ್ಸರ್ ಹೆಚ್ಚಾಗಿ ಆಗಲೇ ಜರ್ಜರಿತವಾದ ಯಕೃತ್ತಿನಲ್ಲಿರುತ್ತದೆ. ಹೆಪಟೈಟಿಸ್ ಬಿ ಹೆಚ್ಚಿರುವ ಪೂರ್ವ ಏಷ್ಯಾದಲ್ಲಿ ಅಡ್ಡಪರಿಣಾಮದ ಚಹರೆಯೇ ಬೇರೆ. ವಿಕಿರಣದ ನಂತರ ವೈರಸ್ ಮತ್ತೆ ಚುರುಕಾಗುತ್ತದೆ, ಟ್ರಾನ್ಸ್‌ಅಮಿನೇಸ್ ಎಂಬ ಯಕೃತ್ತಿನ ಕಿಣ್ವ ಸಾಮಾನ್ಯ ಮಿತಿಯ ಐದು ಪಟ್ಟು ಮೀರುತ್ತದೆ, ಸಿರೋಸಿಸ್ ಹದಗೆಡುತ್ತದೆ. ಇದನ್ನು ರೋಗದ ಮೂಲ ಚಹರೆಗೆ ಹೊರತಾದ (ನಾನ್-ಕ್ಲಾಸಿಕ್) ರೂಪವೆಂದು ಪ್ರತ್ಯೇಕಿಸಲಾಯಿತು. ಹಾಗಾಗಿ ಚಿಕಿತ್ಸೆಗೆ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಮಾಡಿ, ಅಗತ್ಯವಿದ್ದರೆ ವೈರಸ್ ನಿರೋಧಕ ಔಷಧ ಕೊಡುವ ಕ್ರಮ ಬಂತು. ಆರೋಗ್ಯವಂತ ಅಂಗಗಳಿಗೆ ವಿಕಿರಣದ ಮಿತಿಗಳನ್ನು ಪರಿಶೀಲಿಸಿದ 2010ರ ಕ್ವಾಂಟೆಕ್ ವರದಿ, ದಿನಕ್ಕೆ 2 ಗ್ರೇ ಲೆಕ್ಕದಲ್ಲಿ, ಆರೋಗ್ಯವಂತ ಭಾಗದ ಸರಾಸರಿ ಮಿತಿಯನ್ನು ಪ್ರಾಥಮಿಕ ಕ್ಯಾನ್ಸರಿಗೆ 28, ಬೇರೆಡೆಯಿಂದ ಹರಡಿದ್ದಕ್ಕೆ 32 ಗ್ರೇ ಎಂದು ಸೂಚಿಸಿತು.

ಮಿತಿಗಳ ಜೊತೆಗೆ ವಿಕಿರಣ ಕೊಡುವ ವಿಧಾನವೂ ಬದಲಾಯಿತು. 1990ರ ದಶಕದಲ್ಲಿ ಸ್ಟಾಕ್‌ಹೋಮ್‌ನ ಕರೋಲಿನ್‌ಸ್ಕಾದಲ್ಲಿ ಬೆಳೆದ ನಿಖರ ದೇಹವಿಕಿರಣ (ಎಸ್‌ಬಿಆರ್‌ಟಿ) ಕೆಲವೇ ಕಂತುಗಳಲ್ಲಿ ಗಡ್ಡೆಯನ್ನಷ್ಟೇ ಗುರಿಯಾಗಿಸುತ್ತದೆ. ರಕ್ತನಾಳದ ಮೂಲಕ ಇಟ್ರಿಯಂ-90 ಕಣ ಸೇರಿಸುವ ವಿಧಾನದಿಂದಲೂ ಯಕೃತ್ತಿಗೆ ಹಾನಿಯಾಗಬಹುದೆಂದು 2008ರಲ್ಲಿ ಸ್ಪೇನಿನ ಸಾಂಗ್ರೊ ಮತ್ತು ಸಂಗಡಿಗರು ವಿವರಿಸಿದರು. ವಿಕಿರಣಜನ್ಯ ಯಕೃತ್ ರೋಗಕ್ಕೆಂದೇ ಸಿದ್ಧ ಔಷಧ ಇಲ್ಲ. ನೀರು ಇಳಿಸುವ ಮಾತ್ರೆ, ಹೊಟ್ಟೆಯ ನೀರು ತೆಗೆಯುವುದು, ಕೆಲವೊಮ್ಮೆ ಸ್ಟೀರಾಯ್ಡ್ ಬಳಕೆಯಲ್ಲಿವೆ.