ಈ ದೂರು ಯಾರಿಗೆ?

ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್ ಶುರುವಾಗುವಾಗ ಕೆಲವೊಮ್ಮೆ ಕಪ್ಪು ಪರದೆಯ ಮೇಲೆ ‘ಫರ್ಮ್‌ವೇರ್ ಬಗ್’ ಎಂದು ಆರಂಭವಾಗುವ ಒಂದು ಸಾಲು ಮಿಂಚಿ ಮರೆಯಾಗುತ್ತದೆ. ಯಂತ್ರ ಎಂದಿನಂತೆ ನಡೆಯುತ್ತದೆ. ಓದಿದವರಿಗೆ ಮಾತ್ರ ಗಾಬರಿ. ಕೆಟ್ಟದ್ದು ಏನು, ಸರಿಪಡಿಸಬೇಕಾದವರು ಯಾರು? ಆ ಸಾಲು ಅಸಲಿಗೆ ಅವರಿಗೆ ಬರೆದದ್ದೇ ಅಲ್ಲ.

ಫರ್ಮ್‌ವೇರ್ ಎಂಬ ಪದವನ್ನು 1967ರಲ್ಲಿ ‘ಡೇಟಾಮೇಷನ್’ ಪತ್ರಿಕೆಯ ಲೇಖನವೊಂದರಲ್ಲಿ ಆಶರ್ ಓಪ್ಲರ್ ಬಳಸಿದ. ಹಾರ್ಡ್‌ವೇರ್‌ಗೂ ಸಾಫ್ಟ್‌ವೇರ್‌ಗೂ ನಡುವಿನ ಪದರಕ್ಕೆ ಅವನಿಟ್ಟ ಹೆಸರದು. ಇಂದು ನಾವು ಬಯೋಸ್ ಎನ್ನುವುದೂ ಆ ಪದರದ್ದೇ. ಬಹುಕಾಲ ಅದರ ಕೆಲಸ ಯಂತ್ರವನ್ನು ಎಬ್ಬಿಸಿ, ಆಪರೇಟಿಂಗ್ ಸಿಸ್ಟಂ ಕೈಗೆ ಒಪ್ಪಿಸುವುದಾಗಿತ್ತು. 1996ರ ಡಿಸೆಂಬರ್‌ನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೊಷಿಬಾ ಸೇರಿ ಎಸಿಪಿಐ ಎಂಬ ಮಾನದಂಡವನ್ನು ಪ್ರಕಟಿಸಿದ ಮೇಲೆ ಈ ಸಂಬಂಧ ಬದಲಾಯಿತು. ಬ್ಯಾಟರಿ, ಫ್ಯಾನು, ನಿದ್ರೆ, ಎಚ್ಚರ ಇವುಗಳ ಪುಟ್ಟ ಪುಟ್ಟ ಪ್ರೋಗ್ರಾಂಗಳನ್ನು ಯಂತ್ರ ತಯಾರಿಸಿದವರು ಬರೆದಿಡುತ್ತಾರೆ. ಅವನ್ನು ನಡೆಸುವುದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್. ಬರೆದವರು ಒಬ್ಬರು, ನಡೆಸುವವರು ಇನ್ನೊಬ್ಬರು. ನಿದ್ದೆಗೆ ಹೋದ ಲ್ಯಾಪ್‌ಟಾಪ್ ಏಳದಿದ್ದರೆ ಬೈಗುಳ ಬೀಳುತ್ತಿದ್ದದ್ದು ಲಿನಕ್ಸಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಎಸಿಪಿಐ ವಿಸ್ತರಣೆಗಳನ್ನು ವಿಂಡೋಸ್‌ಗೇ ಮೀಸಲಾಗಿಸಲು ಸಾಧ್ಯವೇ ಎಂದು ಬಿಲ್ ಗೇಟ್ಸ್ 1999ರ ಜನವರಿಯಲ್ಲಿ ಯೋಚಿಸಿದ್ದ ಈಮೇಲ್ ಒಂದು ಮುಂದೆ ಅಯೋವಾ ರಾಜ್ಯದ ಮೊಕದ್ದಮೆಯಲ್ಲಿ ಹೊರಬಂತು. ಲಿನಕ್ಸ್ ಅಭಿಮಾನಿಗಳಿಗೆ ಅದು ಪ್ರಿಯವಾದ ಪುರಾವೆ. ನನಗೆ ಮಾತ್ರ ಸರಳ ಕಾರಣವೇ ಹೆಚ್ಚು ಒಪ್ಪಿಗೆಯಾಗುತ್ತದೆ. ವಿಂಡೋಸ್ ಓಡಿದರೆ ಯಂತ್ರ ಸರಿಯಿದೆ ಎಂದುಕೊಂಡು ತಯಾರಕರು ಪರೀಕ್ಷೆ ಮುಗಿಸುತ್ತಿದ್ದರು. ಅಷ್ಟಕ್ಕೆ ಸಂಚೇ ಬೇಕಿಲ್ಲ.

ಇದರ ಅತ್ಯಂತ ರಸವತ್ತಾದ ಪ್ರಸಂಗ ಒಂದು ಪ್ರಶ್ನೆಯದು. ಫರ್ಮ್‌ವೇರ್ ಕರ್ನಲ್‌ಗೆ ‘ನೀನು ಯಾರು?’ ಎಂದು ಕೇಳಬಲ್ಲದು. ‘ನೀನು ಲಿನಕ್ಸೇ?’ ಎಂದರೆ ಲಿನಕ್ಸ್ ಮೊದಮೊದಲು ಪ್ರಾಮಾಣಿಕವಾಗಿ ಹೌದೆನ್ನುತ್ತಿತ್ತು. ಬಯೋಸ್ ಬರೆಯುವವರು ಅದನ್ನು ಮಾದರಿ ಕೋಡಿನಲ್ಲೇ ಸೇರಿಸಿಕೊಂಡರು. ಲಿನಕ್ಸಿಗೆ ವಿಡಿಯೋ ಕಾರ್ಡನ್ನು ಬೇಗ ಎಬ್ಬಿಸಲು ಬಾರದಿದ್ದ ಕಾಲದಲ್ಲಿ ಒಂದು ಯಂತ್ರದ ಬಯೋಸ್, ಹೌದೆಂಬ ಉತ್ತರ ಕೇಳಿ ಕಾರ್ಡನ್ನು ಮೊದಲಿಂದ ಸಜ್ಜುಗೊಳಿಸುತ್ತಿತ್ತು. ಮುಂದೆ ಲಿನಕ್ಸ್ ಆ ಕೆಲಸ ಕಲಿತಿತು. ಆದರೆ ‘ಈಗ ನನಗೇ ಬರುತ್ತದೆ, ನೀನು ಬಿಡು’ ಎಂದು ಬಯೋಸ್‌ಗೆ ಹೇಳುವ ದಾರಿಯೇ ಇರಲಿಲ್ಲ. 2007ರಲ್ಲಿ ಬಂದ 2.6.23ನೇ ಆವೃತ್ತಿಯಿಂದ ಲಿನಕ್ಸ್ ಈ ಪ್ರಶ್ನೆಗೆ ಇಲ್ಲವೆನ್ನತೊಡಗಿತು. ‘ನೀನು ವಿಂಡೋಸೇ?’ ಎಂದರೆ ಮಾತ್ರ ಹೌದು ಎನ್ನುತ್ತದೆ. ತನ್ನ ಹೆಸರು ಮುಚ್ಚಿಟ್ಟು ಪರರ ಹೆಸರು ಹೇಳಿದರೆ ಮಾತ್ರ ಯಂತ್ರ ಸರಿಯಾಗಿ ನಡೆಯುತ್ತದೆ ಎಂಬುದು ಎಷ್ಟು ವಿಚಿತ್ರ! ಹೆಸರಿನ ಪ್ರಶ್ನೆಯನ್ನು ಅಲಕ್ಷಿಸಿದ್ದೇನೆ ಎಂಬ ವರದಿಯೂ ಎಷ್ಟೋ ಕಾಲ ‘ಫರ್ಮ್‌ವೇರ್ ಬಗ್’ ಹಣೆಪಟ್ಟಿಯಡಿಯೇ ಬರುತ್ತಿತ್ತು.

ಆ ಹಣೆಪಟ್ಟಿ ಕರ್ನಲ್‌ಗೆ ಸೇರಿದ್ದು 2008ರಲ್ಲಿ, ಸೂಸೆ ಸಂಸ್ಥೆಯ ಥಾಮಸ್ ರೆನಿಂಗರ್ ಮೂಲಕ. ತಪ್ಪು ಫರ್ಮ್‌ವೇರ್‌ನದೇ ಎಂದು ಖಚಿತವಿದ್ದರೆ ‘ಬಗ್’. ಕರ್ನಲ್ಲೇ ಏನಾದರೂ ಕೆಡಿಸಿರಬಹುದು ಎಂಬ ಅನುಮಾನವಿದ್ದರೆ ‘ವಾರ್ನ್’. ಬಹುತೇಕ ನಿರಪಾಯದ ಸಂಗತಿಯಾದರೆ ‘ಇನ್ಫೋ’. ಜೊತೆಗಿಟ್ಟ ಟಿಪ್ಪಣಿಯಲ್ಲಿ ಬರವಣಿಗೆಯ ಒಂದು ನಿಯಮವೂ ಇದೆ. ಬಯೋಸ್ ಬರೆಯುವವನು ಕರ್ನಲ್‌ನ ಕೋಡನ್ನು ತೆರೆದು ನೋಡದೆ, ಸಂದೇಶ ಓದಿಯೇ ದೋಷವನ್ನು ಗುರುತಿಸುವಂತಿರಬೇಕು. ಓದುಗ ಯಾರೆಂದು ಇಷ್ಟು ಸ್ಪಷ್ಟವಾಗಿ ಗೊತ್ತುಮಾಡಿಕೊಂಡ ಬರಹ ಸಾಹಿತ್ಯದಲ್ಲೂ ಅಪರೂಪ.

ತೊಡಕೆಂದರೆ ಪತ್ರ ತಲುಪುವುದು ಬೇರೆಯವರಿಗೆ. ಕರ್ನಲ್ ಸಂದೇಶಗಳಿಗೆ ತೀವ್ರತೆಯ ಎಂಟು ಹಂತಗಳಿವೆ. ಸದ್ದಿಲ್ಲದೆ ಬೂಟ್ ಆಗುವಂತೆ ಹೊಂದಿಸಿದ ಯಂತ್ರದಲ್ಲೂ ‘ಎರರ್’ ಮತ್ತು ಅದಕ್ಕಿಂತ ಗಂಭೀರವಾದವು ಪರದೆಗೆ ಬರುತ್ತವೆ. ಹಣೆಪಟ್ಟಿ ಹೇಳುವುದು ತಪ್ಪು ಯಾರದ್ದು ಎಂದು; ಎಷ್ಟು ಗಂಭೀರ ಎಂಬುದು ಮುಖ್ಯವಾಗಿ ಹಂತದ ಲೆಕ್ಕ. ಲ್ಯಾಪ್‌ಟಾಪಿನ ಒಡೆಯ ಇವೆರಡನ್ನೂ ಒಂದೇ ಎಂದು ಓದುತ್ತಾನೆ. ಟಿಪಿಎಂ ಎಂಬ ಭದ್ರತಾ ಚಿಪ್ಪಿನ ಇಂಟರಪ್ಟ್ ಕೆಲಸ ಮಾಡುತ್ತಿಲ್ಲ, ಬದಲಿಗೆ ಪೋಲಿಂಗ್ ಮಾಡುತ್ತಿದ್ದೇನೆ ಎನ್ನುವ ಸಾಲನ್ನೇ ನೋಡಿ. ಚಿಪ್ಪು ಕರೆಯಲೆಂದು ಕಾಯುವ ಬದಲು ಕರ್ನಲ್ ತಾನೇ ಆಗಾಗ ಹೋಗಿ ವಿಚಾರಿಸುತ್ತಿದೆ, ಅಷ್ಟೆ. ‘ಬದಲಿಗೆ’ ಎಂಬ ಮಾತು ಕಂಡರೆ ಸಾಮಾನ್ಯವಾಗಿ ನಾವು ಸುಮ್ಮನಿರಬಹುದು. ಇಂಟೆಲ್‌ನ ಕೆಲವು ಪ್ರೊಸೆಸರ್‌ಗಳಿಗಾಗಿ 2017ರಲ್ಲಿ ಸೇರಿದ ಸಂದೇಶ ಬೇರೆ ಜಾತಿಯದು. ದೋಷದಿಂದಾಗಿ ಒಂದು ಟೈಮರ್ ಸೌಲಭ್ಯವನ್ನು ನಿಲ್ಲಿಸಿದ್ದೇನೆ ಎಂದು ಹೇಳಿ, ಮೈಕ್ರೋಕೋಡ್‌ನ ಯಾವ ಆವೃತ್ತಿಗೆ ಏರಬೇಕೆಂಬ ಸಂಖ್ಯೆಯನ್ನೂ ಕೊಡುತ್ತದೆ. ಅದನ್ನು ಪಾಲಿಸಲೇಬೇಕು.

ಪಾಲಿಸುವುದೂ ಬಹುಕಾಲ ಸುಲಭವಿರಲಿಲ್ಲ. ಬಯೋಸ್ ಅಪ್‌ಡೇಟ್ ಅನೇಕ ವೇಳೆ ವಿಂಡೋಸ್ ಪ್ರೋಗ್ರಾಂ ರೂಪದಲ್ಲೇ ಸಿಗುತ್ತಿತ್ತು! 2015ರ ಹೊತ್ತಿಗೆ ರೆಡ್‌ಹ್ಯಾಟ್‌ನ ರಿಚರ್ಡ್ ಹ್ಯೂಸ್ ಕಟ್ಟಿದ ಎಲ್‌ವಿಎಫ್‌ಎಸ್ ಸೇವೆಯಿಂದ, ತಯಾರಕರು ಕಳಿಸಿದ ಫರ್ಮ್‌ವೇರ್ ಲಿನಕ್ಸ್‌ನಲ್ಲೇ ನೇರ ಇಳಿಯತೊಡಗಿತು. ಅದರಲ್ಲಿ ಸೇರದ ಕಂಪನಿಗಳಿವೆ. ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ ಹಳೆಯ ಮಾದರಿಗಳಿವೆ. ಅಂಥ ಯಂತ್ರಗಳಲ್ಲಿ ಕರ್ನಲ್ ಇಂದಿಗೂ ಪ್ರತಿ ಸಲ ಶುರುವಾಗುವಾಗ ಅದೇ ದೂರನ್ನು, ಅದೇ ಪದಗಳಲ್ಲಿ ಬರೆಯುತ್ತದೆ.