ವೂಂಡೆಡ್ ನೀ ದಾರಿಯ ಸವಾರರು

ಭೂಪಟದಲ್ಲಿ ಅಮೆರಿಕದ ದಕ್ಷಿಣ ಡಕೋಟ ರಾಜ್ಯವನ್ನು ಹುಡುಕಿರಿ. 1890ರ ಡಿಸೆಂಬರ್ 15ರಂದು ಲಕೋಟ ಮುಖಂಡ ಸಿಟಿಂಗ್ ಬುಲ್‌ನನ್ನು ಬಂಧಿಸಲು ಹೋದ ಪೊಲೀಸರು ಅವನನ್ನು ಗುಂಡಿಕ್ಕಿ ಕೊಂದರು. ಭೀತರಾದ ಅವನ ಅನುಯಾಯಿಗಳಲ್ಲಿ ಕೆಲವರು ಬಿಗ್ ಫುಟ್ ಎಂಬ ನಾಯಕನ ಆಶ್ರಯಕ್ಕೆ ಬಂದರು. ಅವರೆಲ್ಲರನ್ನೂ ಕರೆದುಕೊಂಡು ಆತ ದಕ್ಷಿಣದ ಪೈನ್ ರಿಡ್ಜ್ ಕಡೆಗೆ ಹೊರಟ. ದಾರಿಯಲ್ಲಿ ನ್ಯುಮೋನಿಯಾ ಹಿಡಿಯಿತು. ಕುದುರೆ ಏರಲಾಗದೆ ಗಾಡಿಯಲ್ಲಿ ಮಲಗಿದ. ಡಿಸೆಂಬರ್ 28ರಂದು ಸೈನ್ಯ ಅಡ್ಡಗಟ್ಟಿದಾಗ ಶರಣಾದ.

ಮರುದಿನ ವೂಂಡೆಡ್ ನೀ ಹಳ್ಳದ ಬಳಿ ಸೈನಿಕರು ಅವರ ಆಯುಧಗಳನ್ನು ಕಸಿಯುತ್ತಿದ್ದಾಗ ಎಲ್ಲಿಂದಲೋ ಒಂದು ಗುಂಡು ಹಾರಿತು. ಅಷ್ಟೇ ಸಾಕಾಯಿತು. ದಿಬ್ಬದ ಮೇಲಿನ ಹಾಚ್‌ಕಿಸ್ ತೋಪುಗಳು ಡೇರೆಗಳ ಮೇಲೆ ಬೆಂಕಿಯುಗುಳಿದವು. ಸತ್ತವರು 150ಕ್ಕೂ ಹೆಚ್ಚು, 300ರಷ್ಟು ಎಂಬ ಲೆಕ್ಕವೂ ಉಂಟು. ಅವರಲ್ಲಿ ಬಿಗ್ ಫುಟ್ ಇದ್ದ. ಎಷ್ಟೋ ಹೆಂಗಸರು, ಮಕ್ಕಳೂ ಇದ್ದರು. ಹಿಮದಲ್ಲಿ ಮರಗಟ್ಟಿದ ಶವಗಳನ್ನು ಒಂದೇ ಗುಂಡಿಯಲ್ಲಿ ಹೂಳಲಾಯಿತು. ಸರ್ಕಾರವೋ ಇದನ್ನು ಕದನವೆಂದು ಕರೆದು ಸೈನಿಕರಿಗೆ ಪದಕ ಹಂಚಿತು!

1986ರ ಡಿಸೆಂಬರಿನಲ್ಲಿ 19 ಮಂದಿ ಲಕೋಟ ಸವಾರರು ಅದೇ ದಾರಿ ಹಿಡಿದರು. ಮೈ ಕೊರೆಯುವ ಚಳಿ, ರಾತ್ರಿ ಬಯಲಲ್ಲೇ ಬೀಡು. ಚಳಿಯನ್ನು ತಪ್ಪಿಸಿಕೊಳ್ಳಲು ಬೇಸಿಗೆಯಲ್ಲಿ ಹೋಗಬಹುದಿತ್ತಲ್ಲ ಎನ್ನುವಿರಾ? ಹಿರಿಯರು ಪಟ್ಟ ಪಾಡನ್ನು ಅನುಭವಿಸುವುದೇ ಅವರ ವ್ರತವಾಗಿತ್ತು. ವರ್ಷವರ್ಷವೂ ಸಂಖ್ಯೆ ಬೆಳೆದು, ನೂರು ವರ್ಷ ತುಂಬಿದ 1990ರಲ್ಲಿ ಸವಾರರು ನೂರಾರು ಮಂದಿಯಾದರು. ಅಂದು ‘ಕಣ್ಣೀರು ಒರೆಸುವ’ ವಿಧಿ ನಡೆಯಿತು. ನಮ್ಮಲ್ಲಿ ಸೂತಕ ಕಳೆಯುವಂತೆ ಎನ್ನಬಹುದೇನೋ.

ಅದೇ ವರ್ಷ ಅಮೆರಿಕದ ಸಂಸತ್ತು ‘ತೀವ್ರ ವಿಷಾದ’ ವ್ಯಕ್ತಪಡಿಸಿತು. ವಂಶಸ್ಥರು ಕೇಳಿದ್ದು ಕ್ಷಮೆಯನ್ನು. ಎಳೆಯ ಸವಾರರು ಆ ಬಳಿಕವೂ ಡಿಸೆಂಬರಿನಲ್ಲಿ ಕುದುರೆ ಏರುತ್ತಲೇ ಬಂದಿದ್ದಾರೆ.